ಗುಳಿಗೆ ತಿಂದರೂ ರಕ್ತ ಏರದ ತಾಯಿ: ಕಡಲ ಬದಿಯ ಕ್ಲಿನಿಕ್ ಒಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಊರಿನಲ್ಲಿ ನಡೆದದ್ದು. ಊರು, ತಾಯಿ, ಮಹಿಳಾ ಮಂಡಳಿ ಯಾವುದರ ಹೆಸರನ್ನೂ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯುವ ಮೊದಲು ಆ ತಾಯಿಯನ್ನು ಕೇಳಿದ್ದೇನೆ. "ನನ್ನಂಥಾಕಿ ಯಾರಿಗರ ಉಪಯೋಗ ಆಗೂದಿದ್ರ ಬರೀರಿ ಅಕ್ಕಾರ" ಎಂದು ಒಪ್ಪಿದ್ದಾಳೆ.

ಉಡುಪಿ ಕಡೆಯವರಿಗೆ ತಾಯಿ-ಮಗು ಕ್ಲಿನಿಕ್ ಹೊಸದಲ್ಲ. ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಮುಂದೆ ಆ ಕಾಲೇಜು ಮಲ್ಪೆ, ಅಲೆವೂರು, ಉದ್ಯಾವರ, ಕಾಪು ಮುಂತಾದ ಕಡೆ ತಾಯಿ ಮತ್ತು ಮಕ್ಕಳ ಕೇಂದ್ರಗಳನ್ನು ನಡೆಸಿಕೊಂಡು ಬಂತು. ಈಗ ಹೆರಿಗೆಗೆ ಎಲ್ಲರೂ ದೊಡ್ಡ ಆಸ್ಪತ್ರೆಗೇ ಹೋಗುತ್ತಾರೆ. ಉಡುಪಿಯ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆ ಉಂಟು, ಮಣಿಪಾಲ ಉಂಟು, ಮಂಗಳೂರಿನ ಕಡೆಯವರಿಗೆ ಲೇಡಿಗೋಷನ್ ಉಂಟು. ಊರಿನ ಮಟ್ಟದಲ್ಲಿ ಉಳಿದಿರುವುದು ತಪಾಸಣೆ, ತೂಕ, ಲಸಿಕೆ ಮತ್ತು ಮಾತು. ಈ ಕೊನೆಯದು ಸಣ್ಣ ಕೆಲಸ ಅಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಅದರ ಮೇಲೆಯೇ.

ನಮ್ಮ ಕ್ಲಿನಿಕ್ ನಡೆಯುವುದು ಮಹಿಳಾ ಮಂಡಳಿಯ ಹಾಲ್‌ನಲ್ಲಿ. ಒಂದು ಬದಿಗೆ ಪರದೆ ಕಟ್ಟಿದ ಮಂಚ, ಇನ್ನೊಂದು ಬದಿಗೆ ತೂಕದ ಮೆಷಿನ್, ನಡುವೆ ಪ್ಲಾಸ್ಟಿಕ್ ಕುರ್ಚಿಗಳು. ಪ್ರತಿ ಗುರುವಾರ ಬೆಳಿಗ್ಗೆ 10ರಿಂದ 1 ಗಂಟೆವರೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಲಸಿಕೆಯ ಡಬ್ಬಿ ಹಿಡಿದುಕೊಂಡು ಬರುತ್ತಾರೆ. ತಿಂಗಳಿಗೊಮ್ಮೆ ಡಾಕ್ಟರ್ ಬರುತ್ತಾರೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇರುತ್ತಾರೆ. ಉಳಿದವರು ನಾವು, ಸ್ವಯಂಸೇವಕಿಯರು. ನಮ್ಮಲ್ಲಿ ಬೀಡಿ ಕಟ್ಟುವವರು ಇದ್ದಾರೆ, ಮೀನು ಮಾರುವವರು ಇದ್ದಾರೆ, ಒಬ್ಬರು ಟೈಲರ್ ಇದ್ದಾರೆ. ರಿಜಿಸ್ಟರ್ ನೋಡಿಕೊಳ್ಳುವುದು ನನ್ನ ಕೆಲಸ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸ್ವಯಂಸೇವಕಿಯರು ಅಂದರೆ ಸಂಬಳ ಇಲ್ಲದ ಆಶಾ ಅಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಈಗಲೇ ಹೊರಲಾರದಷ್ಟು ಕೆಲಸ ಇದೆ, ಅವರಿಗೆ ಸಿಗುವುದೂ ಕಡಿಮೆ. ಅವರ ಕೆಲಸದ ಒಂದು ತುಂಡನ್ನು ನಮ್ಮ ಕೈಗೆ ಕೊಟ್ಟು ಸುಮ್ನಾಗುವುದು ಯಾರಿಗೂ ಒಳ್ಳೆಯದಲ್ಲ. ನಾವು ಮಾಡಬೇಕಾದ್ದು ಬೇರೆಯೇ ಇದೆ. ಅದು ಏನು ಅಂತ ನಮಗೆ ಸರಿಯಾಗಿ ಗೊತ್ತಾದದ್ದು ಈ ತಾಯಿಯಿಂದ.

ಬಂದರು ಕೆಲಸಕ್ಕೆ ಬಂದ ಕುಟುಂಬ

ಮಾರ್ಚ್ ತಿಂಗಳ ಒಂದು ಗುರುವಾರ ಆಕೆ ಮೊದಲ ಸಲ ಬಂದಳು. ಉತ್ತರ ಕರ್ನಾಟಕದ ಕಡೆಯವಳು. ವಯಸ್ಸು 20, ಚೊಚ್ಚಲ ಬಸುರಿ, ನಾಲ್ಕು ತಿಂಗಳು ಆಗಿತ್ತು. ಗಂಡನಿಗೆ ಬಂದರಿನಲ್ಲಿ ಲೋಡಿಂಗ್ ಕೆಲಸ. ಆಕೆ, ಆಕೆಯ ಅತ್ತೆ, ನಾದಿನಿ ಮೂವರೂ ಬೋಟ್ ಬಂದಾಗ ಮೀನು ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ವಾಸ ಬಂದರಿನಿಂದ ಸ್ವಲ್ಪ ದೂರದ ಶೆಡ್‌ನಲ್ಲಿ.

ಹಿಮೋಗ್ಲೋಬಿನ್ ನೋಡಿದರೆ 8.4. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. 7ಕ್ಕಿಂತ ಕೆಳಗೆ ಹೋದರೆ ತೀವ್ರ. ಈಕೆ ನಡುವಿನಲ್ಲಿ ಇದ್ದಳು. ಡಾಕ್ಟರ್ ಜಂತುಹುಳದ ಒಂದು ಗುಳಿಗೆ ಕೊಟ್ಟರು. ದಿನಕ್ಕೆ ಎರಡು ಕಬ್ಬಿಣದ ಗುಳಿಗೆ, ಎರಡು ಕ್ಯಾಲ್ಸಿಯಂ ಗುಳಿಗೆ ಬರೆದರು. ಕಬ್ಬಿಣದ್ದು ಕೆಂಪು, ಕ್ಯಾಲ್ಸಿಯಂ ಬಿಳಿ. ತಾಯಿಯ ತಪಾಸಣೆ, ಮಗುವಿನ ಲಸಿಕೆ-ತೂಕ ಎಲ್ಲ ಬರೆದಿಡುವ ತಾಯಿ ಕಾರ್ಡನ್ನು ಸಿಸ್ಟರ್ ಮಾಡಿಸಿಕೊಟ್ಟರು. ಸೊಪ್ಪು, ಮೊಳಕೆ ಕಾಳು, ಮೀನು, ಮೊಟ್ಟೆ ತಿನ್ನಬೇಕು ಅಂತ ನಾವು ಹೇಳಿದೆವು. ಆಕೆ ಎಲ್ಲದಕ್ಕೂ "ಹೂಂ ರಿ" ಎಂದಳು.

ಏಪ್ರಿಲ್‌ನಲ್ಲಿ ಮತ್ತೆ ನೋಡಿದಾಗ 8.3. ಗುಳಿಗೆ ಸರಿಯಾಗಿ ತೆಗೆದುಕೊಂಡರೆ ತಿಂಗಳಲ್ಲಿ ಸುಮಾರು ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅಂತ ನಿಯಮವೇ ಇದೆ. ಇಲ್ಲಿ ಏರುವುದು ಬಿಡಿ, ಒಂದು ಕೂದಲೆಳೆ ಇಳಿದಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ. ಗುಳಿಗೆ ತಿನ್ನುತ್ತಿಲ್ಲ, ಮೂಲೆಗೆ ಎಸೆಯುತ್ತಾಳೆ. ಹಾಲ್‌ನಲ್ಲಿ ಆ ಮಾತು ಬಂತು ಕೂಡ. ಆಕೆಯನ್ನು ಕೇಳಿದರೆ ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ದಿನಾ ಗುಳಿಗಿ ತಗೋತೀನ್ರಿ ಅಕ್ಕಾರ."

ಮೊದಲು ಮಾಡಿ ನೋಡಿದ್ದು

ಮುಂದಿನ ಸಲ ಖಾಲಿ ಸ್ಟ್ರಿಪ್ ತರಲು ಹೇಳಿದೆವು. ತಂದಳು. ಲೆಕ್ಕ ಸರಿ ಇತ್ತು. ಆದರೂ ನಂಬಿಕೆ ಬರಲಿಲ್ಲ. ಗುಳಿಗೆ ತೆಗೆದು ಬಿಸಾಡಿ ಸ್ಟ್ರಿಪ್ ಮಾತ್ರ ತರುವವರೂ ಇರುತ್ತಾರೆ. ರಕ್ತಹೀನತೆಯಿಂದ ಹೆರಿಗೆಯಲ್ಲಿ ಏನೇನು ತೊಂದರೆ ಆಗಬಹುದು ಅಂತ ಸಿಸ್ಟರ್ ಚಿತ್ರ ತೋರಿಸಿ ವಿವರಿಸಿದರು. ಆಕೆ ಕೇಳಿಸಿಕೊಂಡಳು, ಹೆದರಿದಳು, ಹೋದಳು. ಹೆದರಿಕೆಯಿಂದ ರಕ್ತ ಏರುವುದಿಲ್ಲ ಅಲ್ವಾ.

ಡಾಕ್ಟರ್ ಬೇರೆ ಕಾರಣ ಏನಾದರೂ ಇದೆಯಾ ಅಂತ ನೋಡಲು ರಕ್ತ ಪರೀಕ್ಷೆ ಬರೆದರು. ಇಂಜೆಕ್ಷನ್ ಮೂಲಕ ಕಬ್ಬಿಣಾಂಶ ಕೊಡುವ ಮಾತೂ ಬಂತು. ಅದಕ್ಕೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಕೆ ಹೋದರೆ ಜೊತೆಗೆ ಇನ್ನೊಬ್ಬರು ಹೋಗಬೇಕು. ಅಲ್ಲಿಗೆ ಇಬ್ಬರ ಕೂಲಿ ಹೋಯಿತು. ಅತ್ತೆ ಒಪ್ಪಲಿಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ, "ನೋಡೂಣ್ರಿ" ಎಂದರು. ಕ್ಲಿನಿಕ್‌ಗಳಲ್ಲಿ ಕೆಲಸ ಮಾಡಿದವರಿಗೆ ಆ "ನೋಡೋಣ"ದ ಭಾರ ಗೊತ್ತು.

ಆಶಾ ಕಾರ್ಯಕರ್ತೆ ಎರಡು ಸಲ ಶೆಡ್‌ಗೆ ಹೋಗಿದ್ದರು. ಎರಡು ಸಲವೂ ಬೀಗ. ಅವರು ಹೋದದ್ದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಅದು ಅವರಿಗೆ ಆಗುವ ಸಮಯ. ಶೆಡ್‌ನಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ.

ಮೀನು ಮಾರುವ ಅಕ್ಕ ಕೇಳಿದ ಪ್ರಶ್ನೆ

ನಮ್ಮ ಸ್ವಯಂಸೇವಕಿಯರಲ್ಲಿ ಮೀನು ಮಾರುವ ಅಕ್ಕ ಒಬ್ಬರಿದ್ದಾರೆ. ವಯಸ್ಸು 50 ದಾಟಿದೆ. ಮನೆಮಾತು ತುಳು, ಕನ್ನಡ ಅಷ್ಟಕ್ಕಷ್ಟೆ. ಭಾಷಣ ಮಾಡಿ ಗೊತ್ತಿಲ್ಲ. ಆದರೆ ದಿನಾ ಬೆಳಕು ಹರಿಯುವ ಮುಂಚೆ ಮೀನಿನ ಏಲಂಗೆ, ಅಂದರೆ ಹರಾಜಿಗೆ, ಬಂದರಿಗೆ ಹೋಗುವವರು. ಆ ಹುಡುಗಿ ಮೀನು ಆರಿಸುವುದೂ ಅಲ್ಲೇ. ಕ್ಲಿನಿಕ್‌ನಲ್ಲಿ ನಡೆದ ಮಾತು ಕೇಳಿ ಇವರು ಏನೂ ಹೇಳಲಿಲ್ಲ. ಮಾರನೇ ದಿನ ಬಂದರಿನಲ್ಲಿ ಆಕೆಯನ್ನು ಹುಡುಕಿ ಹೋದರು.

ಅವರು ಕಂಡದ್ದನ್ನು ನಮಗೆ ಬಂದು ಹೇಳಿದ ರೀತಿಯಲ್ಲೇ ಬರೆಯುತ್ತೇನೆ. ಶೆಡ್‌ನಲ್ಲಿ ಮೂರೂವರೆಗೆ ಅಲಾರಂ. ಎದ್ದ ಕೂಡಲೇ ನಡೆದು ಬಂದರಿಗೆ. ಬೋಟ್ ಖಾಲಿ ಮಾಡುವ ಮೊದಲು ಸೈಕಲ್‌ನಲ್ಲಿ ಚಾ ಮಾರುವವ ಬರುತ್ತಾನೆ. ಹುಡುಗಿ ಸೆರಗಿನ ತುದಿಯಿಂದ ಪ್ಲಾಸ್ಟಿಕ್ ಕವರ್ ಬಿಚ್ಚುತ್ತಾಳೆ. ಒಂದು ಕೆಂಪು, ಒಂದು ಬಿಳಿ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ ಬಿಸಿ ಚಾ ಕುಡಿಯುತ್ತಾಳೆ. ಹೊಟ್ಟೆಯಲ್ಲಿ ಹಿಂದಿನ ರಾತ್ರಿಯ ರೊಟ್ಟಿ ಬಿಟ್ಟರೆ ಏನೂ ಇಲ್ಲ. ಅರ್ಧ ಗಂಟೆಯಲ್ಲಿ ಹೊಟ್ಟೆ ತೊಳೆಸುತ್ತದೆ. ಸುತ್ತ ಮೀನಿನ ವಾಸನೆ ಬೇರೆ. ಐಸ್ ಬಾಕ್ಸ್‌ಗಳ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಬಂದು ಕೂರುತ್ತಾಳೆ. ಉಳಿದ ಎರಡು ಗುಳಿಗೆ ಕೆಲಸ ಮುಗಿಸಿ ಬಂದು, ಮತ್ತೆ ಚಾ ಜೊತೆ.

ಅಕ್ಕ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ. "ನೀನು ಗುಳಿಗೆ ತಿಂದದ್ದು ಸರಿ ಮಾರಾಯ್ತಿ. ಅದನ್ನು ಎಂತದರ ಒಟ್ಟಿಗೆ ತಿಂದದ್ದು?"

ಗುಳಿಗೆ ಬಗ್ಗೆ ಸ್ವಲ್ಪ ಗೊತ್ತಿರುವವರಿಗೆ ಇಲ್ಲಿಗೇ ಅರ್ಥ ಆಗಿರುತ್ತದೆ. ಚಾ ಮತ್ತು ಕಾಫಿ ಕಬ್ಬಿಣಾಂಶವನ್ನು ಮೈಗೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಅಡ್ಡಿ ಮಾಡುತ್ತದೆ. ಕೆಂಪು ಮತ್ತು ಬಿಳಿ ಗುಳಿಗೆಯ ನಡುವೆ ಎರಡು ಗಂಟೆಯಾದರೂ ಅಂತರ ಇರಬೇಕು. ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಗುಳಿಗೆ ತಿಂದರೆ ಹಲವರಿಗೆ ವಾಕರಿಕೆ ಬರುತ್ತದೆ. ಈ ಹುಡುಗಿ ಒಂದು ದಿನವೂ ತಪ್ಪದೆ ಗುಳಿಗೆ ತಿಂದಿದ್ದಳು. ಅದರಲ್ಲಿ ಮೈಗೆ ಸೇರಿದ್ದು ಮಾತ್ರ ತೀರಾ ಕಡಿಮೆ.

"ಊಟ ಆದ ಮೇಲೆ ತಗೊಳ್ಳಿ" ಅಂತ ಹೇಳಿರಲಿಲ್ಲವೇ? ಹೇಳಿಯೇ ಇದ್ದರು. ಎಲ್ಲ ಕ್ಲಿನಿಕ್‌ಗಳಲ್ಲೂ ಹೇಳುತ್ತಾರೆ. "ಬೆಳಿಗ್ಗೆ ಮತ್ತು ರಾತ್ರಿ ಊಟದ ನಂತರ" ಎಂಬ ಮಾತು ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನುವವರ ಮನೆಗೆ ಸರಿ. ಮೂರೂವರೆಗೆ ಏಳುವವಳಿಗೆ ಬೆಳಿಗ್ಗೆ ಅಂದರೆ ಆ ಚಾ. ರಾತ್ರಿ ಏಳೂವರೆಗೆ ಮಲಗಿಬಿಡುವವಳಿಗೆ ಎರಡನೇ ಗುಳಿಗೆಯ ಹೊತ್ತು ಅಂದರೆ ಕೆಲಸ ಮುಗಿದ ಮೇಲಿನ ಚಾ. ಹೇಳಿದ್ದನ್ನು ಆಕೆ ತನ್ನ ದಿನಕ್ಕೆ ಹೊಂದಿಸಿಕೊಂಡಿದ್ದಳು, ಅಷ್ಟೆ.

ಅಕ್ಕ ತಂದ ಸುದ್ದಿಯನ್ನು ಸಿಸ್ಟರ್ ಡಾಕ್ಟರ್‌ಗೆ ಫೋನ್ ಮಾಡಿ ಹೇಳಿದರು. ಡಾಕ್ಟರ್ ಗುಳಿಗೆಯನ್ನು ಬದಲಿಸಲಿಲ್ಲ, ಹೊತ್ತನ್ನು ಬದಲಿಸಿದರು. ಬೆಳಗಿನ ಚಾ ಬಿಡಿಸುವುದು ಬೇಡ, ಅದರ ಜೊತೆ ತಿನ್ನಲು ಏನಾದರೂ ಇರಲಿ, ಆಗ ಬಿಳಿ ಗುಳಿಗೆ ತೆಗೆದುಕೊಳ್ಳಲಿ. ಮಧ್ಯಾಹ್ನದ ಊಟಕ್ಕೆ ಇನ್ನೊಂದು ಬಿಳಿ. ಕೆಂಪು ಗುಳಿಗೆ ಒಂದು ಸಂಜೆ ನಾಲ್ಕರ ಹೊತ್ತಿಗೆ ಲಿಂಬೆ ಶರಬತ್ತಿನ ಜೊತೆ, ಇನ್ನೊಂದು ರಾತ್ರಿ ರೊಟ್ಟಿ ತಿಂದು ಮಲಗುವಾಗ. ಲಿಂಬೆ ಯಾಕೆಂದರೆ ಅದರಲ್ಲಿರುವ ವಿಟಮಿನ್ ಸಿ ಕಬ್ಬಿಣಾಂಶ ಮೈಗೆ ಸೇರಲು ಸಹಾಯ ಮಾಡುತ್ತದೆ.

ಮಧ್ಯಾಹ್ನದ ಊಟದ ವ್ಯವಸ್ಥೆ ಅಂಗನವಾಡಿ ಟೀಚರ್ ಮಾಡಿದರು. ನಮ್ಮ ರಾಜ್ಯದಲ್ಲಿ 2017ರಿಂದ ಮಾತೃಪೂರ್ಣ ಯೋಜನೆ ಇದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ. ಹೊರಗಿನಿಂದ ಬಂದವರಿಗೆ ಅದು ತಮಗೂ ಉಂಟು ಅಂತ ಗೊತ್ತೇ ಇರುವುದಿಲ್ಲ. ಟೀಚರ್ ಹೆಸರು ಬರೆಸಿಕೊಂಡರು. ಕೆಲಸ ಮುಗಿಸಿ ಬರುವ ದಾರಿಯಲ್ಲೇ ಅಂಗನವಾಡಿ. ಬಿಳಿ ಗುಳಿಗೆಯ ಸ್ಟ್ರಿಪ್ ಒಂದನ್ನು ಟೀಚರ್ ತಮ್ಮ ಕಪಾಟಿನಲ್ಲೇ ಇಟ್ಟುಕೊಂಡು, ಊಟ ಆದ ಮೇಲೆ ಕೈಗೆ ಕೊಡುತ್ತಿದ್ದರು.

ಮೇ ಮೊದಲ ವಾರ ನೋಡಿದಾಗ 9.3 ಆಗಿತ್ತು. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ನೋಡುವ ಕಾರ್ಯಕ್ರಮ ಇದೆಯಲ್ಲ, ಆ ದಿನ ಟೈಲರ್ ಅಕ್ಕ ಜೊತೆಯಲ್ಲಿ ಹೋದರು. ಅತ್ತೆಯ ಕೂಲಿ ಉಳಿಯಿತು, ಅತ್ತೆಯ "ನೋಡೂಣ್ರಿ" ಕೂಡ ಸಡಿಲವಾಯಿತು. ರಕ್ತ ಏರುತ್ತಿದೆ, ಸದ್ಯಕ್ಕೆ ಇಂಜೆಕ್ಷನ್ ಬೇಡ ಎಂದರು ಅಲ್ಲಿನ ಡಾಕ್ಟರ್. ಮೇ ಕೊನೆಗೆ 9.9.

ಜೂನ್ ಒಂದು

ಎಲ್ಲವೂ ಸರಿಹೋಯಿತು ಅನ್ನುವಾಗ ಕಡಲಿಗೆ ರಜೆ ಬಂತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಬೋಟ್ ದಡಕ್ಕೆ ಬಂದರೆ ಬಂದರಿನಲ್ಲಿ ಕೆಲಸ ಇಲ್ಲ. ಶೆಡ್‌ಗಳು ಖಾಲಿಯಾಗುತ್ತವೆ. ಈ ಹುಡುಗಿಗೆ ಆಗ ಏಳನೇ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಹಾಗಾಗಿ ಜೂನ್‌ನಲ್ಲಿ ಹೋದರೆ ಆಗಸ್ಟ್‌ನಲ್ಲಿ ಗಂಡ ಒಬ್ಬನೇ ವಾಪಸ್, ತಾಯಿ-ಮಗು ಬರುವುದು ದೀಪಾವಳಿ ಕಳೆದ ಮೇಲೆ.

ಹಿಂದಿನ ವರ್ಷಗಳ ರಿಜಿಸ್ಟರ್ ತೆಗೆದು ನೋಡಿದೆ. ಬಂದರು ಕೆಲಸದ ಹೆಣ್ಣುಮಕ್ಕಳ ಹೆಸರಿನ ಮುಂದೆ ಮೇ ತಿಂಗಳಿಗೆ ಬರಹ ನಿಂತುಬಿಡುತ್ತಿತ್ತು. ಆಮೇಲೆ ಒಂದೇ ಪದ, "ಊರಿಗೆ". ಹೆರಿಗೆ ಎಲ್ಲಿ ಆಯಿತು, ಮಗುವಿನ ತೂಕ ಎಷ್ಟು, ಯಾವ ಲಸಿಕೆ ಆಗಿದೆ, ಯಾವುದಕ್ಕೂ ಉತ್ತರ ಇಲ್ಲ. ತಾಯಿ ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ನಿಜ. ಆದರೆ ಕಾರ್ಡ್ ತಾನಾಗಿ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ.

ಈ ಸಲ ಆಕೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಯೇ ಕಳಿಸಬೇಕು ಅಂತ ತೀರ್ಮಾನ ಮಾಡಿದೆವು. ಸಿಸ್ಟರ್ ಆ ಕಡೆಯ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರು. ಯಾರೋ ಎತ್ತಿದರು, ಹೇಳುತ್ತೇವೆ ಎಂದರು. ಅಷ್ಟಕ್ಕೇ ನಿಂತಿತು. ದಾರಿ ತೋರಿಸಿದ್ದು ಅತ್ತೆ. ಏಪ್ರಿಲ್‌ನಲ್ಲಿ ನಮ್ಮ ಮುಖವನ್ನೂ ಸರಿಯಾಗಿ ನೋಡದಿದ್ದ ಅದೇ ಅತ್ತೆ. "ಇಕಿ ತವರೂರಾಗ ಅಂಗನವಾಡಿ ಟೀಚರ್ ನಮ್ಮ ಬಳಗದಾಕಿನ ಅದಾಳ್ರಿ" ಎಂದು ನಂಬರ್ ಕೊಟ್ಟರು.

ಹಾಲ್‌ನಲ್ಲಿ ಕೂತು, ಹುಡುಗಿ ಎದುರಿಗೇ, ನಮ್ಮ ಟೀಚರ್ ಆ ಟೀಚರ್ ಜೊತೆ ಮಾತಾಡಿದರು. ಅವರು ಅಲ್ಲಿನ ಆಶಾ ಕಾರ್ಯಕರ್ತೆಯ ನಂಬರ್ ಕೊಟ್ಟರು. ತಾಯಿ ಕಾರ್ಡ್‌ನ ಎಲ್ಲ ಪುಟಗಳ ಫೋಟೊ ವಾಟ್ಸಾಪ್‌ನಲ್ಲಿ ಹೋಯಿತು. ಕಾರ್ಡ್‌ನ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸಿದೆವು. ಅದರಲ್ಲಿ ಹಿಮೋಗ್ಲೋಬಿನ್‌ನ ನಾಲ್ಕು ಲೆಕ್ಕ, ಗುಳಿಗೆಯ ಹೊತ್ತು, ಎರಡೂ ಕಡೆಯ ಫೋನ್ ನಂಬರ್. ಜುಲೈ ಕೊನೆವರೆಗೆ ಆಗುವಷ್ಟು ಗುಳಿಗೆ ಚೀಲಕ್ಕೆ ಹಾಕಿದೆವು.

ಆಗಸ್ಟ್ ಮೂರನೇ ವಾರ ಗಂಡ ಕ್ಲಿನಿಕ್‌ಗೇ ಬಂದು ಹೇಳಿದ. ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಆಗಿದೆ, ಹೆಣ್ಣು ಮಗು, ತಾಯಿಗೆ ರಕ್ತ ಕೊಡಬೇಕಾಗಿ ಬರಲಿಲ್ಲ. ಮಗುವಿನ ತೂಕ 2.2 ಕಿಲೊ. ಎರಡೂವರೆಗಿಂತ ಕಡಿಮೆ ಅಂದರೆ ಕಡಿಮೆ ತೂಕದ ಮಗುವೇ. ಅಲ್ಲಿನ ನರ್ಸ್ ಮಗುವನ್ನು ಎದೆಗೆ ಅಪ್ಪಿ ಹಿಡಿದು ಬೆಚ್ಚಗಿಡುವ ಕಾಂಗರೂ ವಿಧಾನ ಹೇಳಿಕೊಟ್ಟಿದ್ದರು. ಅಲ್ಲಿನ ಆಶಾ 3ನೇ ದಿನ, 7ನೇ ದಿನ ಹೀಗೆ 42ನೇ ದಿನದವರೆಗೆ ಮನೆಗೆ ಹೋಗಿ ನೋಡಿದರು. ಆರು ವಾರದ ಲಸಿಕೆಯ ಫೋಟೊ ನಮಗೆ ಬಂದಾಗ ಹಾಲ್‌ನಲ್ಲಿ ಇದ್ದವರೆಲ್ಲ ಅದನ್ನು ಕೈಯಿಂದ ಕೈಗೆ ಕೊಟ್ಟು ನೋಡಿದರು. ನಾನು ರಿಜಿಸ್ಟರ್‌ನಲ್ಲಿ "ಊರಿಗೆ" ಎಂಬ ಪದದ ಮುಂದೆ ಮೊದಲ ಸಲ ಒಂದು ತಾರೀಕು ಬರೆದೆ.

ವಾಪಸ್ ಬಂದ ಮೇಲೆ

ನವೆಂಬರ್‌ನಲ್ಲಿ ಬಂದಳು. ಮಗುವಿಗೆ ಎರಡೂವರೆ ತಿಂಗಳು ದಾಟಿತ್ತು. ಹತ್ತು ವಾರದ ಲಸಿಕೆ ಅದೇ ದಿನ ಆಯಿತು. ತೂಕ ನೋಡಿದರೆ 3.4 ಕಿಲೊ. ಕಾರ್ಡ್‌ನ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಇಟ್ಟರೆ ಕಡಿಮೆ ತೂಕದ ಹಳದಿಯನ್ನೂ ದಾಟಿ, ತೀರಾ ಕಡಿಮೆ ತೂಕದ ಕಿತ್ತಳೆ ಬಣ್ಣಕ್ಕೆ ಹೋಗಿ ಕೂತಿತು. ಊರಿನಲ್ಲಿ ಇರುವವರೆಗೆ ಚೆನ್ನಾಗಿಯೇ ಏರುತ್ತಿದ್ದ ತೂಕ, ಇಲ್ಲಿಗೆ ಬಂದ ಮೇಲೆ ನಿಂತಿತ್ತು. ಮಕ್ಕಳ ಡಾಕ್ಟರ್ ನೋಡಿ ಕಾಯಿಲೆ ಏನೂ ಇಲ್ಲ, ಹಾಲು ಸಾಲುತ್ತಿಲ್ಲ ಎಂದರು.

ಕಾರಣ ಹುಡುಕಲು ಈ ಸಲ ದೂರ ಹೋಗಬೇಕಾಗಿರಲಿಲ್ಲ. ಆಕೆ ಮತ್ತೆ ಬಂದರಿಗೆ ಹೋಗಲು ಶುರುಮಾಡಿದ್ದಳು. ಬೆಳಗಿನ ಜಾವದಿಂದ ಹನ್ನೊಂದರವರೆಗೆ ಮಗು ಶೆಡ್‌ನಲ್ಲಿ. ನೋಡಿಕೊಳ್ಳುವವರು ಅಳು ನಿಲ್ಲಿಸಲು ಸಕ್ಕರೆ ನೀರು ಕೊಡುತ್ತಿದ್ದರು, ಇಲ್ಲವೇ ಬಿಸ್ಕೆಟ್ ನೆನೆಸಿದ ನೀರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿಪಾಠ ಹೇಳುವಷ್ಟು ಗೊತ್ತಿತ್ತು.

"ಕೆಲಸ ಬಿಡು" ಅನ್ನುವುದು ಸುಲಭ. ನಮ್ಮಲ್ಲೇ ಒಬ್ಬರು ಹಾಗೆ ಹೇಳಲು ಹೊರಟರು. ಮೀನು ಮಾರುವ ಅಕ್ಕ ತಡೆದರು. ಕೆಲಸ ಬಿಟ್ಟರೆ ಮನೆಗೆ ಅಕ್ಕಿ ತರುವವರು ಯಾರು ಅಂತ ಕೇಳಿದರು. ಆಮೇಲೆ ಮಾತು ಬೇರೆ ದಿಕ್ಕಿಗೆ ಹೋಯಿತು. ಅತ್ತೆ, ನಾದಿನಿ, ಹುಡುಗಿ ಮೂವರನ್ನೂ ಕೂರಿಸಿ, ನಿಮ್ಮ ಮೂವರಲ್ಲಿ ಹೇಗೆ ಹೊಂದಿಸಬಹುದು ಅಂತ ಕೇಳಿದೆವು. ಉತ್ತರ ನಾದಿನಿಯ ಬಾಯಿಂದ ಬಂತು. ದಿನ ಬಿಟ್ಟು ದಿನ. ಒಂದು ದಿನ ಈಕೆ ಬಂದರಿಗೆ, ಮರುದಿನ ನಾದಿನಿ. ಬಂದ ಕೂಲಿಯನ್ನು ಮನೆಯಲ್ಲೇ ಸರಿ ಮಾಡಿಕೊಳ್ಳುವುದು.

ಕೆಲಸಕ್ಕೆ ಹೋಗುವ ದಿನ ಹಾಲು ಹಿಂಡಿ ಇಟ್ಟು ಹೋಗಬೇಕು. ಇದಕ್ಕೆ ಅತ್ತೆ ಹೆದರಿದರು. ಹಿಂಡಿದ ಹಾಲಿಗೆ ದೃಷ್ಟಿ ತಾಗುತ್ತದೆ, ಎದೆಯಲ್ಲಿ ಹಾಲು ಬತ್ತುತ್ತದೆ ಎಂಬ ಭಯ. ಸಿಸ್ಟರ್ ವಾದ ಮಾಡಲಿಲ್ಲ. ಕುದಿಸಿ ತೊಳೆದ ಸ್ಟೀಲ್ ಬಟ್ಟಲು, ಮುಚ್ಚಳ, ನೆರಳಿನ ಜಾಗ, ನಾಲ್ಕು ಗಂಟೆಯೊಳಗೆ ಚಮಚದಲ್ಲಿ ಕುಡಿಸುವುದು, ಬಾಟಲಿ ಬೇಡ. ಇಷ್ಟನ್ನು ಕೈಯಲ್ಲಿ ಮಾಡಿ ತೋರಿಸಿದರು. ಅತ್ತೆ ಮುಚ್ಚಳದ ಮೇಲೆ ಒಂದು ಇದ್ದಿಲು ಚೂರು ಇಟ್ಟರು. "ಮುಚ್ಚಳದ ಮೇಲೆ ಇದ್ದಿಲು ಇಟ್ಟರೆ ಒಳಗಿನ ಹಾಲಿಗೆ ಎಂತ ಆಗ್ತದೆ? ಇರಲಿ ಬಿಡಿ" ಎಂದರು ಅಕ್ಕ. ಬಟ್ಟಲು ಅಲ್ಲಿಂದ ಮುಂದೆ ಇದ್ದಿಲಿನ ಜೊತೆಗೇ ಇತ್ತು. ಹಾಲು ಬತ್ತಲಿಲ್ಲ.

ತೂಕ ನೋಡಲು ಆಕೆ ವಾರ ವಾರ ಬರಬೇಕಿತ್ತು. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಎಂಬ ನಮ್ಮ ಸಮಯ ಬಂದರಿನವರಿಗೆ ಆಗುವುದೇ ಇಲ್ಲ. ಹನ್ನೊಂದಕ್ಕೆ ಕೆಲಸ ಮುಗಿಸಿ, ಸ್ನಾನ ಮಾಡಿ, ತಿಂದು ಬರುವಾಗ ನಾವು ಕುರ್ಚಿ ಮಡಚುತ್ತಿರುತ್ತೇವೆ. ಮಧ್ಯಾಹ್ನ ಎರಡರ ಮೇಲೆ ಇಡೋಣ ಅಂತ ಸಭೆಯಲ್ಲಿ ಕೇಳಿದೆ. "ಬೇಕಾದವರು ಬರ್ತಾರೆ" ಎಂಬ ಮಾತು ಬಂತು. ಅದರ ಹಿಂದೆ ನಿಜವಾದ ಕಷ್ಟವೂ ಇತ್ತು. ನಮ್ಮ ಸ್ವಯಂಸೇವಕಿಯರಲ್ಲಿ ಹೆಚ್ಚಿನವರು ಮಧ್ಯಾಹ್ನ ಬೀಡಿ ಕಟ್ಟಿ ಸಂಜೆ ಬೀಡಿ ಕಂಪನಿಯ ಬ್ರಾಂಚ್‌ಗೆ ಕೊಡಬೇಕು. ಆ ಎರಡು ಗಂಟೆ ಹೋದರೆ ಅವರ ದಿನದ ದುಡ್ಡು ಹೋಯಿತು. ಸಿಸ್ಟರ್‌ಗೆ ಲಸಿಕೆಯ ಡಬ್ಬಿಯನ್ನು ಐಸ್ ಪ್ಯಾಕ್ ಸಮೇತ ಅದೇ ದಿನ ಕೇಂದ್ರಕ್ಕೆ ಮುಟ್ಟಿಸಬೇಕು.

ಮಾತು ಜೋರಾಯಿತು. ಕೊನೆಗೆ ಪೂರ್ತಿ ಬದಲಿಸುವುದು ಬೇಡ ಅಂತಾಯಿತು. ಬೆಳಗಿನ ಕ್ಲಿನಿಕ್ ಹಾಗೇ ಇರುತ್ತದೆ. ತಿಂಗಳ ಒಂದು ಗುರುವಾರ ಮಾತ್ರ ಪೂರ್ತಿ ಕ್ಲಿನಿಕ್ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಅಂದು ಬೆಳಿಗ್ಗೆ ಸಿಸ್ಟರ್ ಪಕ್ಕದ ಅಂಗನವಾಡಿಯ ಲಸಿಕೆ ಮುಗಿಸಿ ಬರುತ್ತಾರೆ. ಉಳಿದ ಗುರುವಾರ ಮಧ್ಯಾಹ್ನ ಲಸಿಕೆ ಇಲ್ಲ, ತೂಕ ಮತ್ತು ಮಾತು ಮಾತ್ರ. ಅದಕ್ಕೆ ಬೀಡಿ ಕಟ್ಟದ ಇಬ್ಬರು ಸಾಕು. ಹೀಗಾದರೂ ಇಬ್ಬರು ಸ್ವಯಂಸೇವಕಿಯರು ಬಿಟ್ಟುಹೋದರು. ಅವರ ಮೇಲೆ ನನಗೆ ಬೇಸರ ಇಲ್ಲ. ದುಡಿದು ತಿನ್ನುವ ಹೆಂಗಸರಿಂದ ಪುಕ್ಕಟೆ ಸಮಯ ಕೇಳುವಾಗ, ಯಾವ ಹೊತ್ತು ಕೇಳುತ್ತೇವೆ ಅಂತ ಯೋಚಿಸಲೇಬೇಕು. ಬಂದರಿನ ಹುಡುಗಿಗೆ ಅನ್ವಯಿಸಿದ ಮಾತು ಬೀಡಿ ಕಟ್ಟುವ ಅಕ್ಕನಿಗೂ ಅನ್ವಯಿಸುತ್ತದೆ.

ಏನಾಯಿತು, ಏನಾಗಲಿಲ್ಲ

ಮಗು ತೂಕ ಏರಿಸಿಕೊಂಡಿತು. ಆರು ತಿಂಗಳಿಗೆ 5.9 ಕಿಲೊ, ಹಸಿರು ಪಟ್ಟಿಯ ಕೆಳಗಿನ ಅಂಚು. ಹದಿನಾಲ್ಕು ವಾರದ ಲಸಿಕೆ ಸಮಯಕ್ಕೆ ಆಯಿತು. ತಾಯಿ ಹೆರಿಗೆಯ ನಂತರದ ಆರು ತಿಂಗಳ ಕಬ್ಬಿಣದ ಗುಳಿಗೆಯನ್ನು ಮುಗಿಸಿದಳು. ಸಂಜೆ, ಲಿಂಬೆ ಜೊತೆ.

ಎಲ್ಲವೂ ಅಂದುಕೊಂಡ ಹಾಗೆ ನಡೆಯಲಿಲ್ಲ. ಐದನೇ ತಿಂಗಳಲ್ಲಿ ಅತ್ತೆಗೆ ಜ್ವರ ಬಂದು ಮಲಗಿದಾಗ ಮನೆಯ ಲೆಕ್ಕ ತಪ್ಪಿತು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಹೋಗಬೇಕಾಯಿತು. ಆ ದಿನಗಳಲ್ಲಿ ಮಗುವಿಗೆ ಆಕಳ ಹಾಲು ಕೊಟ್ಟರು, ಒಮ್ಮೆ ಭೇದಿಯೂ ಆಯಿತು. ಒಆರ್‌ಎಸ್, ಜಿಂಕ್ ಕೊಟ್ಟು ಗುಣವಾಯಿತು. ಅದೇ ಸಾಲಿನ ಶೆಡ್‌ನ ಇನ್ನೊಬ್ಬ ಬಸುರಿ ಕ್ಲಿನಿಕ್‌ಗೆ ಎರಡು ಸಲ ಬಂದು, ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೇಳದೆ ಹೋದಳು. ಫೋನ್ ಸ್ವಿಚ್ ಆಫ್. ಅವಳ ವಿಷಯ ಇವತ್ತಿಗೂ ಗೊತ್ತಿಲ್ಲ. ಆ ಹೆಸರನ್ನು ರಿಜಿಸ್ಟರ್‌ನಿಂದ ತೆಗೆದಿಲ್ಲ.

ಬಂದರಿನ ಹತ್ತಿರ ಬೆಳಗಿನ ಜಾವ ಮಕ್ಕಳನ್ನು ನೋಡಿಕೊಳ್ಳುವ ಒಂದು ಜಾಗ ಬೇಕು. ಅದಿಲ್ಲದೆ ಹಾಲಿನ ಬಟ್ಟಲಿನ ಉಪಾಯ ಎಷ್ಟು ಮನೆಯಲ್ಲಿ ನಡೆದೀತು? ನಾದಿನಿ ಇಲ್ಲದ ಮನೆಯಲ್ಲಿ ನಡೆಯುವುದಿಲ್ಲ. ಇದನ್ನು ಬೇಡಿಕೆಯಾಗಿ ಬರೆದು ಕೊಟ್ಟಿದ್ದೇವೆ, ಕೇಳುತ್ತಲೇ ಇದ್ದೇವೆ. ಸ್ವಯಂಸೇವಕಿಯರ ಒಳ್ಳೆಯತನದಿಂದ ಆಗುವ ಕೆಲಸ ಅದಲ್ಲ. ಸಂಬಳ ಕೊಟ್ಟು ಮಾಡಿಸಬೇಕಾದದ್ದು.

ಇಂಥ ಕ್ಲಿನಿಕ್ ನಡೆಸುವವರಿಗೆ

ನಮ್ಮ ರಿಜಿಸ್ಟರ್‌ನಲ್ಲಿ ಈಗ ಹಳೆಯ ಕಾಲಂಗಳ ಜೊತೆ ಹೊಸದೊಂದು ಇದೆ. ಹೊಸದಾಗಿ ಬಂದ ಬಸುರಿಯನ್ನು ಮೊದಲ ದಿನವೇ ಕೇಳುತ್ತೇವೆ: ಎಷ್ಟು ಹೊತ್ತಿಗೆ ಏಳುತ್ತೀರಿ, ಮೊದಲು ಹೊಟ್ಟೆಗೆ ಹಾಕುವುದು ಏನು, ಕೆಲಸ ಎಷ್ಟಕ್ಕೆ ಮುಗಿಯುತ್ತದೆ, ಮಲಗುವುದು ಯಾವಾಗ. ಗುಳಿಗೆಯ ಹೊತ್ತನ್ನು ಸಿಸ್ಟರ್ ಅದನ್ನು ನೋಡಿ ಬರೆಯುತ್ತಾರೆ. ಕೇಳಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕೇಳುವವರು ಮಾತ್ರ ಆ ಬದುಕು ಗೊತ್ತಿರುವವರಾಗಿದ್ದರೆ ಉತ್ತರ ಸರಿಯಾಗಿ ಬರುತ್ತದೆ. ಬಂದರಿನವರನ್ನು ಮೀನು ಮಾರುವ ಅಕ್ಕ ಕೇಳುತ್ತಾರೆ. ಮನೆಯಲ್ಲಿ ಬೀಡಿ ಕಟ್ಟುವವರನ್ನು ಬೀಡಿ ಕಟ್ಟುವವರೇ ಕೇಳುತ್ತಾರೆ.

ಮೇ ಮೊದಲ ವಾರದಲ್ಲೇ ಊರಿಗೆ ಹೋಗುವವರ ಪಟ್ಟಿ ಮಾಡುತ್ತೇವೆ. ಹೋಗುವ ಊರಿನ ಆಶಾ ಅಥವಾ ಅಂಗನವಾಡಿ ಟೀಚರ್ ನಂಬರನ್ನು ಮನೆಯವರಿಂದಲೇ ಪಡೆಯುತ್ತೇವೆ. ಕಚೇರಿಯ ಮೂಲಕ ಹುಡುಕುವುದಕ್ಕಿಂತ ಅತ್ತೆ, ಅಮ್ಮ, ಸಂಬಂಧಿಕರ ಮೂಲಕ ಬೇಗ ಸಿಗುತ್ತದೆ. ಫೋನನ್ನು ತಾಯಿಯ ಎದುರಿಗೇ ಮಾಡುವುದು ಮುಖ್ಯ. ಆ ಕಡೆಯವರ ದನಿ ಅವಳೂ ಕೇಳಿರಬೇಕು, ಇಲ್ಲದಿದ್ದರೆ ಅಲ್ಲಿಗೆ ಹೋದ ಮೇಲೆ ಅವಳಾಗಿ ಮಾತಾಡಿಸುವುದಿಲ್ಲ. ಒಂದು ವೇಳೆ ಯಾವ ನಂಬರೂ ಸಿಗದಿದ್ದರೆ ತಾಯಿ ಕಾರ್ಡ್‌ನ ಚೀಟಿಯಲ್ಲಿ 104 ಆರೋಗ್ಯವಾಣಿ ಮತ್ತು 108 ಆಂಬುಲೆನ್ಸ್ ಎಂದು ದೊಡ್ಡದಾಗಿ ಬರೆದು, ಓದಲು ಬಾರದವರಿಗೆ ಫೋನ್‌ನಲ್ಲೇ ನಂಬರ್ ಹಾಕಿ ಕೊಡುತ್ತೇವೆ.

ಆ ನಾದಿನಿ ಈಗ ಮೂರು ತಿಂಗಳ ಬಸುರಿ. ಯಾರೂ ಕರೆಯದೆ ತಾನೇ ಬಂದು ಹೆಸರು ಬರೆಸಿದಳು. ಹಿಮೋಗ್ಲೋಬಿನ್ 9.1. ಗುಳಿಗೆ ಕೈಗೆ ಕೊಟ್ಟಾಗ ಸಿಸ್ಟರ್ ಬಾಯಿ ತೆರೆಯುವ ಮೊದಲೇ, ಕೆಂಪು ಗುಳಿಗೆ ಚಾ ಜೊತೆ ಯಾಕೆ ಬೇಡ ಅಂತ ಪಕ್ಕದ ಕುರ್ಚಿಯವಳಿಗೆ ವಿವರಿಸುತ್ತಿದ್ದಳು. ಮುಂದಿನ ತಿಂಗಳಿನಿಂದ ಮಧ್ಯಾಹ್ನದ ಕ್ಲಿನಿಕ್‌ನಲ್ಲಿ ತೂಕದ ಮೆಷಿನ್ ಬಳಿ ಕೂರಲು ಅವಳನ್ನು ಕೇಳಿದ್ದೇವೆ, ಒಪ್ಪಿದ್ದಾಳೆ.